ಬಿಸಿ ಮೇಣದ ಚಿತ್ರ ಕಲಿಯಲು ಪ್ರಾವಿನ್ಸ್‌ಟೌನ್‌ಗೆ: ಹೊರಡುವ ಕಲಾವಿದರಿಗೊಂದು ಕೈಪಿಡಿ

ಎನ್‌ಕಾಸ್ಟಿಕ್ ಎಂದರೆ ಜೇನುಮೇಣ, ರಾಳ ಮತ್ತು ಬಣ್ಣದ ಪುಡಿಯನ್ನು ಕರಗಿಸಿ, ಬಿಸಿ ಇರುವಾಗಲೇ ಮರದ ಹಲಗೆಗೆ ಬಳಿಯುವ ಚಿತ್ರಕಲೆ. ಬಳಿದ ಪ್ರತಿ ಪದರಕ್ಕೂ ಮತ್ತೆ ಶಾಖ ಕೊಟ್ಟು ಕೆಳಗಿನ ಪದರಕ್ಕೆ ಬೆಸೆಯಬೇಕು. ನಮ್ಮ ಕಡೆ ಇದನ್ನು ಕಲಿಸುವವರು ತೀರಾ ಕಡಿಮೆ. ಯೂಟ್ಯೂಬ್ ನೋಡಿಯೇ ಬಹಳಷ್ಟು ಜನ ಶುರು ಮಾಡುತ್ತಾರೆ. ಸ್ವಲ್ಪ ರುಚಿ ಹತ್ತಿದ ಮೇಲೆ ಒಂದಲ್ಲ ಒಂದು ದಿನ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪ್ರಾವಿನ್ಸ್‌ಟೌನ್ ಎಂಬ ಪುಟ್ಟ ಊರಿನ ಹೆಸರು ಕಿವಿಗೆ ಬೀಳುತ್ತದೆ.

ಅಂತಾರಾಷ್ಟ್ರೀಯ ಎನ್‌ಕಾಸ್ಟಿಕ್ ಸಮ್ಮೇಳನ ನಡೆಯುವುದು ಅಲ್ಲಿ. ಕಲಾವಿದೆ ಜೊಆನ್ ಮಟೇರಾ 2007ರಲ್ಲಿ ಇದನ್ನು ಶುರು ಮಾಡಿದರು. ಮೊದಲ ಕೆಲವು ವರ್ಷ ಬೆವರ್ಲಿ ಊರಿನ ಮಾಂಟ್ಸೆರಾಟ್ ಕಲಾ ಕಾಲೇಜಿನಲ್ಲಿ ನಡೆಯಿತು. 2011ರಲ್ಲಿ ಪ್ರಾವಿನ್ಸ್‌ಟೌನ್‌ಗೆ ಬಂತು. ಪಕ್ಕದ ಟ್ರೂರೊ ಊರಿನ ಕಾಸಲ್ ಹಿಲ್ ಕಲಾ ಕೇಂದ್ರ ಇದಕ್ಕೆ ಜೊತೆಯಾಯಿತು. ಸಾಮಾನ್ಯವಾಗಿ ಜೂನ್ ಮೊದಲ ವಾರದ ಹೊತ್ತಿಗೆ ಸಮ್ಮೇಳನ. ಅದರ ಹಿಂದೆ ಮುಂದೆ ಟ್ರೂರೊದಲ್ಲಿ ವರ್ಕ್‌ಶಾಪ್‌ಗಳು. ಆಯಾ ವರ್ಷದ ದಿನಾಂಕವನ್ನು ಕಾಸಲ್ ಹಿಲ್‌ನವರ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಈ ಸಲ ನಾನೂ ಹೊರಟಿದ್ದೇನೆ. ತಯಾರಿ ಮಾಡಿಕೊಳ್ಳುತ್ತಾ ಇರುವಾಗ ಸ್ನೇಹಿತರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ, ಎಲ್ಲವನ್ನೂ ಒಂದು ಕಡೆ ಬರೆದಿಡೋಣ ಅನ್ನಿಸಿತು. ಬೆಂಗಳೂರಿನಿಂದ ಹೊರಡುವವರಿಗೂ, ಬಾಸ್ಟನ್ ನ್ಯೂಜೆರ್ಸಿ ಕಡೆ ಇರುವ ನಮ್ಮವರಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಪ್ರಶ್ನೆ ಇಟ್ಟುಕೊಳ್ಳಿ

ಟಿಕೆಟ್, ವೀಸಾ, ಬ್ರಷ್ಷು ಎಲ್ಲ ಆಮೇಲೆ. ಒಂದು ನೋಟ್‌ಬುಕ್ ತೆಗೆದು ನಿಮ್ಮ ಕೆಲಸದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂದು ಒಂದೇ ಸಾಲಿನಲ್ಲಿ ಬರೆಯಿರಿ. "ಮೇಣದ ಬಗ್ಗೆ ಎಲ್ಲ ಕಲಿಯಬೇಕು" ಅಂತ ಬರೆದರೆ ಪ್ರಯೋಜನ ಇಲ್ಲ. ಅಲ್ಲಿ ಒಂದೇ ಹೊತ್ತಿಗೆ ಎರಡು ಮೂರು ಕಡೆ ಉಪನ್ಯಾಸ, ಪ್ರಾತ್ಯಕ್ಷಿಕೆ ನಡೆಯುತ್ತಿರುತ್ತವೆ. ಪ್ರಶ್ನೆ ಇಲ್ಲದೆ ಹೋದರೆ ಜಾತ್ರೆ ಸುತ್ತಿ ಬಂದಂತಾಗುತ್ತದೆ ಅಷ್ಟೇ. ಕೈತುಂಬ ಕರಪತ್ರ, ಫೋನ್ ತುಂಬ ಫೋಟೊ, ಮನೆಗೆ ಬಂದ ಮೇಲೆ ಏನು ಮಾಡಬೇಕೆಂದೇ ತೋಚುವುದಿಲ್ಲ.

ನನ್ನ ಪ್ರಶ್ನೆ ಬಿಸಿಲಿನದು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಅದಕ್ಕಿಂತ ಎಷ್ಟೋ ಮುಂಚೆಯೇ ಮೆತ್ತಗಾಗುತ್ತದೆ. ಬೆಂಗಳೂರಿನ ಗೋಡೆಗೆ ತೊಂದರೆ ಇಲ್ಲ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಮನೆಯೊಳಗೆ ಅದೇ ಚಿತ್ರ ಹೇಗಿರುತ್ತದೆ? ರಾಳ ಜಾಸ್ತಿ ಹಾಕಿದರೆ ಮೇಣ ಗಟ್ಟಿಯಾಗುತ್ತದೆ, ನಿಜ. ಆದರೆ ಜೊತೆಗೆ ಪೆಡಸಾಗುತ್ತದೆ, ಸಣ್ಣ ಏಟಿಗೂ ಚಕ್ಕೆ ಏಳುತ್ತದೆ. ಎಲ್ಲಿಯವರೆಗೆ ಹಾಕಬಹುದು? ಅರಿಜೋನಾ, ಟೆಕ್ಸಸ್ ಕಡೆಯ ಸೆಕೆಯಲ್ಲಿ ಕೆಲಸ ಮಾಡುವವರೂ ಅಲ್ಲಿಗೆ ಬರುತ್ತಾರೆ. ಅವರನ್ನು ಹುಡುಕಿ ಮಾತಾಡಿಸಬೇಕು ಎಂದು ಈಗಲೇ ಬರೆದಿಟ್ಟಿದ್ದೇನೆ.

ಪ್ರಶ್ನೆ ಗಟ್ಟಿಯಾದರೆ ಯಾವ ವರ್ಕ್‌ಶಾಪ್, ಯಾವ ಉಪನ್ಯಾಸ, ಯಾರ ಪಕ್ಕ ಕೂತು ಊಟ ಮಾಡಬೇಕು ಎಲ್ಲವೂ ತಾನಾಗೇ ತೀರ್ಮಾನವಾಗುತ್ತದೆ.

ವರ್ಕ್‌ಶಾಪ್ ಆರಿಸುವುದು

ಸಮ್ಮೇಳನದ ಪ್ರಾತ್ಯಕ್ಷಿಕೆಯಲ್ಲಿ ನೀವು ನೋಡುತ್ತೀರಿ. ವರ್ಕ್‌ಶಾಪ್‌ನಲ್ಲಿ ನೀವೇ ಮಾಡುತ್ತೀರಿ. ಎರಡಕ್ಕೂ ಬೇರೆ ಬೇರೆ ಶುಲ್ಕ, ಬೇರೆ ನೋಂದಣಿ. ಹಣ ಒಂದಕ್ಕೇ ಸಾಕಾಗುವಂತಿದ್ದರೆ ಹೊಸಬರು ವರ್ಕ್‌ಶಾಪ್ ತೆಗೆದುಕೊಳ್ಳಲಿ. ಕೆಲವು ವರ್ಷ ಮೇಣದಲ್ಲಿ ಕೆಲಸ ಮಾಡಿದವರಿಗೆ ಸಮ್ಮೇಳನವೇ ಜಾಸ್ತಿ ಕೊಡುತ್ತದೆ, ಏಕೆಂದರೆ ಅವರಿಗೆ ಬೇಕಾಗಿರುವುದು ಹೊಸ ತಂತ್ರ ಅಲ್ಲ, ಮಾತು.

ವರ್ಕ್‌ಶಾಪ್‌ಗಳಲ್ಲಿ ಹಲವು ಬಗೆ. ಹಲಗೆ ಮೇಲೆ ಪದರ ಪದರವಾಗಿ ಬಳಿಯುವ ಮೂಲ ಪಾಠ ಒಂದು. ಮೇಣದ ಮೇಲೆ ಫೋಟೊ ಇಳಿಸುವುದು, ಕಾಗದ ಬಟ್ಟೆ ಅಂಟಿಸುವುದು ಇನ್ನೊಂದು. ಕಾಗದವನ್ನೋ ಪ್ಲಾಸ್ಟರನ್ನೋ ಮೇಣದಲ್ಲಿ ಅದ್ದಿ ಶಿಲ್ಪ ಮಾಡುವುದು ಮತ್ತೊಂದು.

ವಿಮಾನದಲ್ಲಿ ಬಂದು ಹೋಗುವವರಿಗೆ ನಾನು ಶಿಫಾರಸು ಮಾಡುವುದು ಮಾನೊಟೈಪ್. ಕಾದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಮೇಣದ ಬಣ್ಣದ ತುಂಡಿನಿಂದ ನೇರ ಚಿತ್ರ ಬರೆಯುತ್ತೀರಿ. ಬರೆಯುತ್ತಿದ್ದಂತೆ ಅದು ಕರಗಿ ತೆಳ್ಳಗೆ ಹರಡುತ್ತದೆ. ಮೇಲೆ ಕಾಗದ ಇಟ್ಟು ಅಂಗೈಯಿಂದ ಸವರಿ ಎತ್ತಿದರೆ ಬಣ್ಣ ಕಾಗದಕ್ಕೆ ಹೀರಿಕೊಂಡಿರುತ್ತದೆ. ಜಪಾನಿನ ಕೋಜೊ ಕಾಗದ ಇದಕ್ಕೆ ಹೇಳಿ ಮಾಡಿಸಿದ್ದು. ತೆಳ್ಳಗಿದ್ದರೂ ಹರಿಯುವುದಿಲ್ಲ, ಮೇಣ ಹೀರಿ ಗಾಜಿನಂತೆ ಬೆಳಕು ಬಿಡುತ್ತದೆ. ದಿನಕ್ಕೆ ರಾಶಿ ಚಿತ್ರ ಮಾಡಬಹುದು, ಎಲ್ಲವೂ ಒಂದು ಫೈಲಿನೊಳಗೆ ಕೂರುತ್ತವೆ. ಮರದ ಹಲಗೆಗಳನ್ನು ಹೊತ್ತು ತರುವ ಪಾಡು ಇಲ್ಲ. ನಾನೂ ಅದನ್ನೇ ಆರಿಸಿಕೊಂಡಿದ್ದೇನೆ.

ಒಂದು ಎಚ್ಚರ. "ಕೋಲ್ಡ್ ವ್ಯಾಕ್ಸ್" ಎಂದು ಬರೆದಿರುವ ವರ್ಕ್‌ಶಾಪ್ ಬೇರೆಯೇ. ಅದು ದ್ರಾವಕ ಬೆರೆಸಿ ಮೆತ್ತಗೆ ಮಾಡಿದ ಮೇಣದ ಪೇಸ್ಟು. ಅದನ್ನು ಆಯಿಲ್ ಬಣ್ಣದ ಜೊತೆ ಕಲಸಿ ಚಾಕುವಿನಿಂದ ಹಚ್ಚುತ್ತಾರೆ. ಶಾಖವೇ ಬೇಕಿಲ್ಲ. ಚೆನ್ನಾಗಿಯೇ ಇರುತ್ತದೆ, ಆದರೆ ಅದು ಎನ್‌ಕಾಸ್ಟಿಕ್ ಅಲ್ಲ. ಆ ಪೇಸ್ಟನ್ನು ಬಿಸಿ ತಟ್ಟೆಯ ಹತ್ತಿರ ತರಲೇಬಾರದು. ದ್ರಾವಕದ ಆವಿಗೆ ಬೆಂಕಿ ಹತ್ತುತ್ತದೆ.

ಹೆಸರು ನೋಂದಾಯಿಸುವ ಮುಂಚೆ ಇಮೇಲ್‌ನಲ್ಲಿ ಇಷ್ಟು ಕೇಳಿ: ಸಾಮಾನು ಅವರೇ ಕೊಡುತ್ತಾರಾ? ಬಿಸಿ ತಟ್ಟೆ ಒಬ್ಬೊಬ್ಬರಿಗೆ ಒಂದಾ, ಹಂಚಿಕೊಳ್ಳಬೇಕಾ? ಹಲಗೆಯ ಅಳತೆ ಎಷ್ಟು? ಕೋಣೆಯ ಹೊಗೆ ಹೊರಗೆ ಹೋಗಲು ಏನು ವ್ಯವಸ್ಥೆ? ಕೊನೆಯದಕ್ಕೆ ಸರಿಯಾದ ಉತ್ತರ ಬರದಿದ್ದರೆ ಆ ವರ್ಕ್‌ಶಾಪ್ ಬಿಡಿ, ಎಲ್ಲೇ ನಡೆಯಲಿ.

ಮನೆಯಲ್ಲಿ ಕೈ ಪಳಗಿಸಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಮೇಣ ಮುಟ್ಟದೆ ವರ್ಕ್‌ಶಾಪ್‌ಗೆ ಹೋದರೆ ಮೊದಲ ದಿನವೆಲ್ಲ ಶಾಖ ಅರ್ಥ ಮಾಡಿಕೊಳ್ಳುವುದರಲ್ಲೇ ಕಳೆಯುತ್ತದೆ. ಅಷ್ಟು ದೂರ ಹೋಗಿ ಅದಕ್ಕೆ ದುಡ್ಡು ಕೊಡುವುದು ಯಾಕೆ?

ಬೇಕಾಗಿರುವುದು ಸ್ವಲ್ಪವೇ. ಥರ್ಮೋಸ್ಟಾಟ್ ಇರುವ ಚಪ್ಪಟೆ ಎಲೆಕ್ಟ್ರಿಕ್ ಗ್ರಿಡಲ್, ಅಂದರೆ ಬಿಸಿ ತಟ್ಟೆ. ಮೇಲ್ಮೈ ಶಾಖ ಅಳೆಯುವ ಥರ್ಮಾಮೀಟರ್, ಏಕೆಂದರೆ ಗ್ರಿಡಲ್‌ನ ಡಯಲ್ ಹೇಳುವ ಅಂಕಿಯನ್ನು ನಂಬುವ ಹಾಗಿಲ್ಲ. ಬಿಸಿ ಗಾಳಿ ಊದುವ ಹೀಟ್ ಗನ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಪ್ರಾಣಿ ಕೂದಲಿನ ಬ್ರಷ್ಷುಗಳು. ನೈಲಾನ್ ಬ್ರಷ್ ಬಿಸಿ ತಟ್ಟೆಯ ಮೇಲೆ ಸುರುಟಿಕೊಂಡು ಹಾಳಾಗುತ್ತದೆ. ಸಣ್ಣ ಟಿನ್ ಡಬ್ಬಿಗಳು. ಒಮ್ಮೆ ಮೇಣ ಹಾಕಿದ ಗ್ರಿಡಲ್ಲು, ಪಾತ್ರೆ, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ಬಣ್ಣದ ಪುಡಿಯಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ.

ಮೀಡಿಯಂ ಎಂದರೆ ಮೇಣಕ್ಕೆ ದಾಮರ್ ರಾಳ ಬೆರೆಸಿದ್ದು. ತೂಕದಲ್ಲಿ 8 ಪಾಲು ಮೇಣಕ್ಕೆ 1 ಪಾಲು ರಾಳ ಎನ್ನುವುದು ಶುರು ಮಾಡಲು ಒಳ್ಳೆಯ ಲೆಕ್ಕ. ಹಳದಿ ಮೇಣ ಬಣ್ಣಗಳನ್ನೆಲ್ಲ ಬೆಚ್ಚಗೆ ಮಾಡುತ್ತದೆ. ಬಿಳಿ ಬೇಕಿದ್ದರೆ ಸೋಸಿ ಬಿಳಿ ಮಾಡಿದ್ದನ್ನು ತನ್ನಿ. ರಾಸಾಯನಿಕ ಹಾಕಿ ಬಿಳುಪು ಮಾಡಿದ ಮೇಣ ಕಾಲ ಕಳೆದಂತೆ ಮತ್ತೆ ಹಳದಿಯಾಗಬಹುದು. ಅಂಗಡಿಯ ಮೇಣದಬತ್ತಿ ಪ್ಯಾರಾಫಿನ್, ಅದು ಬೇಡ. ನಮ್ಮಲ್ಲಿ ಒಳ್ಳೆಯ ಜೇನುಮೇಣಕ್ಕೆ ಬರ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನು ಇಳಿಸುವವರು, ಕೊಡಗಿನಲ್ಲೂ ಜೇನು ಸಾಕುವವರು ಬೇಕಾದಷ್ಟು ಮಂದಿ ಇದ್ದಾರೆ. ನೇರ ತಂದ ಮೇಣವನ್ನು ಕರಗಿಸಿ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು.

ರಾಳದ ವಿಷಯದಲ್ಲಿ ಒಂದು ಮಾತು. ಪೇಟೆಯಲ್ಲಿ ಕಲಾವಿದರಿಗೆಂದು ಸಿಗುವ ದಾಮರ್ ಹೆಚ್ಚಾಗಿ ಆಗ್ನೇಯ ಏಷ್ಯಾದ ಮರಗಳದ್ದು. ನಮ್ಮ ಪಶ್ಚಿಮ ಘಟ್ಟದ ಧೂಪದ ಮರವೂ ಅದೇ ಕುಟುಂಬದ್ದೇ. ಅದರ ರಾಳವನ್ನು ವ್ಯಾಪಾರಿಗಳು ಬಿಳಿ ದಾಮರ್ ಎಂದೇ ಕರೆಯುತ್ತಾರೆ. ಬಳಸುವ ಆಸೆ ಇದ್ದರೆ ಮೊದಲು ಅಂಗೈಯಗಲದ ಹಲಗೆಯಲ್ಲಿ ಪರೀಕ್ಷೆ ಮಾಡಿ ಒಂದು ಬೇಸಿಗೆ ಕಳೆಯಲು ಬಿಡಿ. ರಾಳ ಕರಗಲು ಮೇಣಕ್ಕಿಂತ ಜಾಸ್ತಿ ಬಿಸಿ, ಜಾಸ್ತಿ ಹೊತ್ತು ಬೇಕು. ಆತುರಪಟ್ಟು ಶಾಖ ಏರಿಸಬೇಡಿ. ತೊಗಟೆ ಚೂರು, ಕಸ ತಳದಲ್ಲಿ ಕೂರುತ್ತದೆ. ತಣ್ಣಗಾದ ಮೇಲೆ ತಳವನ್ನು ಚಾಕುವಿನಲ್ಲಿ ಕೆರೆದು ತೆಗೆದರಾಯಿತು.

ಹಲಗೆ ಗಟ್ಟಿಯಾಗಿರಬೇಕು, ಹೀರಿಕೊಳ್ಳುವಂತಿರಬೇಕು. ಬಾಗುವ ಕ್ಯಾನ್ವಾಸ್ ಮೇಲೆ ಮೇಣ ಬಿರುಕು ಬಿಡುತ್ತದೆ. ಮಾಮೂಲಿ ಅಕ್ರಿಲಿಕ್ ಗೆಸ್ಸೊ (ಬಣ್ಣಕ್ಕೆ ಮುಂಚೆ ಹಚ್ಚುವ ಬಿಳಿ ತಳಲೇಪ) ಬಳಿದ ಹಲಗೆ ಬೇಡವೇ ಬೇಡ. ಅಕ್ರಿಲಿಕ್ ಎಂದರೆ ಪ್ಲಾಸ್ಟಿಕ್, ಮೇಣ ಅದಕ್ಕೆ ಕಚ್ಚುವುದಿಲ್ಲ. ಇವತ್ತು ಚೆನ್ನಾಗಿ ಕಾಣುತ್ತದೆ, ಮುಂದೆ ಯಾವತ್ತೋ ಹಾಳೆಯಂತೆ ಎದ್ದು ಬರುತ್ತದೆ. ಬರಿ ಪ್ಲೈವುಡ್‌ಗೆ ಮರಳು ಕಾಗದ ಉಜ್ಜಿ, ಮೊದಲ ಕೋಟು ಬಣ್ಣವಿಲ್ಲದ ಮೀಡಿಯಂ ಬಳಿದರೆ ಅಭ್ಯಾಸಕ್ಕೆ ಸಾಕು.

ಈಗ ಕೆಲಸ. ಗ್ರಿಡಲ್ 80ರಿಂದ 93 ಡಿಗ್ರಿ ನಡುವೆ ನಿಲ್ಲಲಿ. ಹಲಗೆಯನ್ನು ಹೀಟ್ ಗನ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ. ತಣ್ಣನೆ ಹಲಗೆಗೆ ಬ್ರಷ್ ಇಟ್ಟರೆ ಕಾದ ಹಂಚಿಗೆ ಬಿದ್ದ ದೋಸೆ ಹಿಟ್ಟಿನ ಹಾಗೆ ಮೇಣ ಮುಟ್ಟಿದಲ್ಲೇ ಕಚ್ಚಿಕೊಂಡು ಗಡ್ಡೆ ಕಟ್ಟುತ್ತದೆ. ಒಂದು ಪದರ ಬಳಿಯಿರಿ. ಅದು ಮಂಕಾಗುವವರೆಗೆ ಕಾಯಿರಿ.

ಆಮೇಲೆ ಬೆಸೆಯುವುದು. ಹೀಟ್ ಗನ್ ಅನ್ನು ಸುಮಾರು ಒಂದು ಗೇಣು ದೂರ ಹಿಡಿದು ಒಂದು ಮೂಲೆಯಿಂದ ನಿಧಾನಕ್ಕೆ ಸರಿಸಿ. ಕಣ್ಣು ಮೇಣದ ಮೇಲೇ ಇರಲಿ, ಗನ್ ಮೇಲಲ್ಲ. ಹಲಗೆಯನ್ನು ಬೆಳಕಿಗೆ ಓರೆಯಾಗಿ ಇಟ್ಟುಕೊಂಡರೆ ಚೆನ್ನಾಗಿ ಕಾಣುತ್ತದೆ. ಮಂಕಾಗಿದ್ದ ಜಾಗ ಮೊದಲು ಒದ್ದೆಯಾದಂತೆ ಹೊಳೆಯುತ್ತದೆ. ಬ್ರಷ್ಷಿನ ಗೆರೆಗಳ ಚೂಪು ಏಣು ಮೆತ್ತಗಾಗುತ್ತದೆ. ಅಷ್ಟೇ ಸಾಕು, ಮುಂದೆ ಸರಿಯಿರಿ. ಇನ್ನೊಂದು ಕ್ಷಣ ನಿಂತರೆ ಹೊಳಪು ನಡುಗಲು ಶುರುವಾಗುತ್ತದೆ, ಕೆಳಗಿನ ಬಣ್ಣ ಮೇಲಕ್ಕೆ ಎದ್ದು ಮೇಲಿನದರಲ್ಲಿ ಕಲೆಯುತ್ತದೆ, ಗೆರೆ ಹರಿದು ಹೋಗುತ್ತದೆ. ಒಮ್ಮೊಮ್ಮೆ ಅದೇ ಬೇಕಾಗಿರುತ್ತದೆ, ಅದು ಬೇರೆ ಮಾತು. ಆದರೆ ಬೇಕಾದಾಗ ಹರಿಸುವುದಕ್ಕೂ ತಪ್ಪಿ ಹರಿಯುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಸೂಜಿ ಮೊನೆಯಷ್ಟು ತೂತುಗಳು ಎದ್ದರೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಅಲ್ಲಿಗೆ ಮತ್ತೊಮ್ಮೆ ನಿಧಾನಕ್ಕೆ ಶಾಖ ಕೊಡಿ.

ಬೆಸೆಯದೆ ಬಿಟ್ಟ ಪದರ ಉಗುರು ತಾಗಿದರೆ ಕಳಚುತ್ತದೆ. ಮನೆಯಲ್ಲಿ ಒಂದು ಹಲಗೆಯ ಅರ್ಧಕ್ಕೆ ಬೆಸೆದು, ಅರ್ಧ ಬಿಟ್ಟು, ಮಾರನೆಯ ದಿನ ಚಾಕುವಿನ ಮೊನೆಯಿಂದ ಕೆರೆದು ನೋಡಿ. ಇದಕ್ಕಿಂತ ಒಳ್ಳೆಯ ಪಾಠ ಯಾವ ಗುರುವೂ ಹೇಳಿಕೊಡಲಾರರು. ಆ ಹಲಗೆಯನ್ನು ಎಸೆಯಬೇಡಿ, ವರ್ಕ್‌ಶಾಪ್‌ಗೆ ತೆಗೆದುಕೊಂಡು ಹೋಗಿ. ನೀವು ಎಲ್ಲಿದ್ದೀರಿ ಎಂದು ಕಲಿಸುವವರಿಗೆ ತಕ್ಷಣ ಗೊತ್ತಾಗುತ್ತದೆ.

ಹೊಗೆ, ಬೆಂಕಿ, ಸುಟ್ಟ ಗಾಯ

ಮೇಣದಿಂದ ಕಣ್ಣಿಗೆ ಕಾಣುವ ಹೊಗೆ ಬಂದರೆ ತಟ್ಟೆ ಜಾಸ್ತಿ ಬಿಸಿಯಾಗಿದೆ. 104 ಡಿಗ್ರಿ ದಾಟಲು ಬಿಡಬೇಡಿ. ಅತಿಯಾಗಿ ಕಾದ ಮೇಣ ಒಡೆದು ಅಕ್ರೋಲಿನ್‌ನಂಥ ಅನಿಲ ಬಿಡುತ್ತದೆ. ಗಂಟಲು ಕೆರೆಯುತ್ತದೆ, ಕಣ್ಣು ಉರಿಯುತ್ತದೆ, ತಲೆ ನೋಯುತ್ತದೆ. ಧೂಳಿನ ಮಾಸ್ಕು ಇದನ್ನು ತಡೆಯುವುದಿಲ್ಲ. ಕಿಟಕಿಗೆ ಗಾಳಿ ಹೊರಗೆ ದಬ್ಬುವ ಎಕ್ಸಾಸ್ಟ್ ಫ್ಯಾನ್ ಹಾಕಿ, ಅದರ ಪಕ್ಕದಲ್ಲೇ ಗ್ರಿಡಲ್ ಇಡಿ. ಎದುರಿನ ಬಾಗಿಲು ಸ್ವಲ್ಪ ತೆರೆದಿರಲಿ. ಸೀಲಿಂಗ್ ಫ್ಯಾನ್ ಹೊಗೆಯನ್ನು ಕೋಣೆ ತುಂಬ ಹರಡುತ್ತದೆ, ಅದನ್ನು ಆರಿಸಿ. ಉಬ್ಬಸ ಇರುವವರು ಡಾಕ್ಟರ ಹತ್ತಿರ ಮಾತಾಡದೆ ಟಿಕೆಟ್ ಮಾಡಿಸಬೇಡಿ.

ಕಾದ ಮೇಣ ಮೈಮೇಲೆ ಬಿದ್ದರೆ ಎಳೆದು ಕೀಳಬೇಡಿ, ಚರ್ಮವೂ ಬರುತ್ತದೆ. ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೋ ಇಲ್ಲೂ ಅದೇ. ಮುಚ್ಚಳ ಮುಚ್ಚಿ, ಪ್ಲಗ್ ಕೀಳಿ. ಎಬಿಸಿ ಮಾದರಿಯ ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವಂತಿರಲಿ. ಹತ್ತಿ ಬಟ್ಟೆ, ಮುಚ್ಚಿದ ಶೂ, ಕಟ್ಟಿದ ಕೂದಲು. ದುಪಟ್ಟಾ ಬೇಡ.

ವೀಸಾ, ದಾರಿ, ಪೆಟ್ಟಿಗೆ

ಭಾರತದಿಂದ ಹೋಗುವವರಿಗೆ ಪ್ರವಾಸಿ ವೀಸಾ ಬೇಕು. ಪದವಿಗೆ ಸೇರದ, ಕೆಲವೇ ದಿನದ ಹವ್ಯಾಸದ ಕೋರ್ಸಿಗೆ ಅದರಲ್ಲಿ ಅವಕಾಶ ಇದೆ. ಸಂದರ್ಶನದ ದಿನಾಂಕ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದ್ದರಿಂದ ಜೂನ್‌ಗೆ ಹೋಗುವುದಾದರೆ ಹಿಂದಿನ ವರ್ಷವೇ ಅರ್ಜಿ ಹಾಕಿ. ಅಲ್ಲಿ ಚಿತ್ರ ಮಾರುವ ಯೋಚನೆ ಇದ್ದರೆ ಸಂಘಟಕರನ್ನೂ ವೀಸಾ ನಿಯಮ ತಿಳಿದವರನ್ನೂ ಮೊದಲೇ ಕೇಳಿಕೊಳ್ಳಿ.

ಪ್ರಾವಿನ್ಸ್‌ಟೌನ್ ಇರುವುದು ಕೇಪ್ ಕಾಡ್‌ನ ತುತ್ತತುದಿಯಲ್ಲಿ. ಬಾಸ್ಟನ್ ಬಂದರಿನಿಂದ ವೇಗದ ಫೆರ್ರಿಯಲ್ಲಿ ಸುಮಾರು ಒಂದೂವರೆ ಗಂಟೆ. ಕಾರಿನಲ್ಲಾದರೆ ಇಡೀ ಕೇಪ್ ಸುತ್ತಿ ಬರಬೇಕು, ಎರಡೂವರೆ ಗಂಟೆಯಾದರೂ ಬೇಕು. ಸಮುದ್ರ ಕೊಂಚ ಎದ್ದಿದ್ದರೆ ಫೆರ್ರಿ ಕುಲುಕುತ್ತದೆ, ವಾಂತಿ ಬರುವವರು ಮಾತ್ರೆ ಇಟ್ಟುಕೊಳ್ಳಿ. ಸಮ್ಮೇಳನ ಹೆಚ್ಚಾಗಿ ನಡೆಯುವ ಪ್ರಾವಿನ್ಸ್‌ಟೌನ್ ಇನ್ ಕಮರ್ಷಿಯಲ್ ಸ್ಟ್ರೀಟಿನ ಪಶ್ಚಿಮ ಕೊನೆಗಿದೆ. ಊರು ಸಣ್ಣದು, ನಡೆದೇ ಓಡಾಡಬಹುದು. ಆದರೆ ಟ್ರೂರೊಗೆ ನಡೆಯುವಂತಿಲ್ಲ. ವರ್ಕ್‌ಶಾಪ್ ಇರುವವರು ಕಾರಿಗೆ ಜೊತೆ ಹುಡುಕಿಕೊಳ್ಳಿ. ರೂಮುಗಳು ಬೇಗ ತುಂಬುತ್ತವೆ.

ಜೂನ್ ಶುರುವಿನಲ್ಲಿ ಅಲ್ಲಿ ಬೇಸಿಗೆ ಅಂದುಕೊಂಡು ಹೋದರೆ ಸಂಜೆ ನಡುಗುತ್ತೀರಿ. ಸಮುದ್ರದ ಗಾಳಿಗೆ ಸ್ವೆಟರ್ ಬೇಕೇ ಬೇಕು. ಊರಿನ ಊಟ ಎಂದರೆ ಮೀನು, ಲಾಬ್‌ಸ್ಟರ್, ಕ್ಲಾಮ್ ಸೂಪು. ತಿನ್ನುವವರಿಗೆ ಹಬ್ಬ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಪೊಟ್ಟಣ ಇಟ್ಟುಕೊಂಡರೆ ನೆಮ್ಮದಿ.

ಬೆಂಕಿ ಉಗುಳುವ ಗ್ಯಾಸ್ ಟಾರ್ಚ್, ಗ್ಯಾಸ್ ಕ್ಯಾನ್ ವಿಮಾನಕ್ಕೆ ಬಿಡುವುದಿಲ್ಲ. ನಿಮ್ಮ ಹೀಟ್ ಗನ್ ಕೂಡ ಮನೆಯಲ್ಲೇ ಬಿಡಿ. ನಮ್ಮದು 230 ವೋಲ್ಟ್, ಅಲ್ಲಿಯದು 120. ನಮ್ಮ ಗನ್ ಅಲ್ಲಿ ಸರಿಯಾಗಿ ಕಾಯುವುದೇ ಇಲ್ಲ. ಅಲ್ಲಿಂದ ತಂದದ್ದನ್ನು ಇಲ್ಲಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಪ್ಲಗ್ ಅಡಾಪ್ಟರ್ ಪಿನ್ ಮಾತ್ರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಪೆಟ್ಟಿಗೆಯಲ್ಲಿ ನಿಮಗೆ ಒಗ್ಗಿದ ಬ್ರಷ್ಷು, ಕೆತ್ತುವ ಮೊನೆ, ಅಪ್ರನ್, ಗುರುತು ಹಾಕಲು ಟೇಪು, ಅಂಗೈಯಗಲದ ನಾಲ್ಕಾರು ಮಾದರಿ ಹಲಗೆ ಇದ್ದರೆ ಆಯಿತು.

ನ್ಯೂಯಾರ್ಕ್ ದಾರಿಯಲ್ಲಿ ಸಿಕ್ಕಿದರೆ

ಎರಡು ಚಿತ್ರ ನೋಡಿ ಹೋಗಿ. ಮೊದಲನೆಯದು ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಫಯೂಮ್ ಮುಖಗಳು. ರೋಮನ್ ಕಾಲದ ಈಜಿಪ್ಟಿನಲ್ಲಿ, ಕ್ರಿ.ಶ. 1ರಿಂದ 3ನೆಯ ಶತಮಾನದಲ್ಲಿ, ಮಮ್ಮಿಗಳ ಮುಖದ ಮೇಲೆ ಇಡಲು ಬರೆದ ಭಾವಚಿತ್ರಗಳು. ಹಲವು ಮೇಣದಲ್ಲಿ ಮಾಡಿದವು. ಎರಡು ಸಾವಿರ ವರ್ಷವಾದರೂ ಕಣ್ಣಿನ ಬಿಳಿ ಹಾಗೇ ಇದೆ. ಗಾಜಿಗೆ ಹತ್ತಿರ ನಿಂತು ಪಕ್ಕದಿಂದ ನೋಡಿ. ಹಿನ್ನೆಲೆಯಲ್ಲಿ ಬ್ರಷ್ ಎಳೆದ ಉದ್ದ ಗೆರೆಗಳು, ಕೆನ್ನೆ ಹಣೆಯಲ್ಲಿ ಬಿಸಿ ಲೋಹದ ಸಲಕರಣೆಯಿಂದ ಒತ್ತಿ ಸವರಿದ ಗಿಡ್ಡ ಗುರುತುಗಳು. ಒಂದೇ ಚಿತ್ರದಲ್ಲಿ ಎರಡು ಕೈಚಳಕ.

ಎರಡನೆಯದು ಆಧುನಿಕ ಕಲಾ ಮ್ಯೂಸಿಯಂ ಸಂಗ್ರಹದಲ್ಲಿರುವ ಜಾಸ್ಪರ್ ಜಾನ್ಸ್‌ ಅವರ ಅಮೆರಿಕದ ಬಾವುಟ, 1954-55ರದ್ದು. ಅವರು ಮೊದಲು ಎನಾಮೆಲ್ ಬಣ್ಣದಲ್ಲಿ ಶುರು ಮಾಡಿದ್ದರು. ಅದು ಬೇಗ ಒಣಗುತ್ತಿರಲಿಲ್ಲ, ಒಂದು ಗೆರೆ ಇನ್ನೊಂದರಲ್ಲಿ ಕಲೆಯುತ್ತಿತ್ತು. ಹಾಗಾಗಿ ಮೇಣಕ್ಕೆ ಬಂದರು. ಮೇಣ ತಕ್ಷಣ ಗಟ್ಟಿಯಾಗುವುದರಿಂದ ಪ್ರತಿ ಗೆರೆಯೂ ತನ್ನ ಪಾಡಿಗೆ ನಿಂತಿದೆ. ಅರೆಪಾರದರ್ಶಕ ಮೇಣದ ಕೆಳಗೆ ಅಂಟಿಸಿದ ಪತ್ರಿಕೆಯ ಚೂರುಗಳು ಕಾಣುತ್ತವೆ. ಫೋಟೊದಲ್ಲಿ ನೋಡಿದರೆ ಬರಿ ಬಾವುಟ, ಎದುರು ನಿಂತರೆ ಮೇಣ.

ಅಲ್ಲಿನ ದಿನಗಳು

ಪಟ್ಟಿಯಲ್ಲಿರುವ ಎಲ್ಲದಕ್ಕೂ ಹೋಗಬೇಡಿ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಸಾಕು. ಉಳಿದ ಹೊತ್ತು ಊರಿನ ಗ್ಯಾಲರಿಗಳಲ್ಲಿ ಕಳೆಯಿರಿ, ಆ ಸಮಯಕ್ಕೆ ಮೇಣದ ಪ್ರದರ್ಶನಗಳೂ ಇರುತ್ತವೆ. ಈ ಊರಿಗೆ ಕಲಾವಿದರ ನಂಟು ಹಳೆಯದು. ಚಾರ್ಲ್ಸ್ ಹಾಥಾರ್ನ್ 1899ರಲ್ಲಿ ಇಲ್ಲಿ ಕಲಾ ಶಾಲೆ ತೆರೆದರು. 1914ರಲ್ಲಿ ಕಲಾವಿದರ ಸಂಘ ಹುಟ್ಟಿತು, ಅದರ ಮ್ಯೂಸಿಯಂ ಈಗಲೂ ಇದೆ. ಹ್ಯಾನ್ಸ್ ಹಾಫ್‌ಮನ್ ಬೇಸಿಗೆಯಲ್ಲಿ ಪಾಠ ಮಾಡಿದ್ದೂ ಇಲ್ಲೇ. ಟ್ರೂರೊದ ಮರಳು ದಿಬ್ಬಗಳ ಬೆಳಕನ್ನು ಎಡ್ವರ್ಡ್ ಹಾಪರ್ ವರ್ಷಗಟ್ಟಲೆ ಬರೆದರು. ಮೂರು ಕಡೆ ನೀರು ಇರುವುದರಿಂದ ಬೆಳಕು ಕೆಳಗಿನಿಂದಲೂ ಬರುತ್ತದೆ. ಒಂದು ಸಂಜೆ ಅದಕ್ಕೇ ಮೀಸಲಿಡಿ.

ಪ್ರಾತ್ಯಕ್ಷಿಕೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೈ ನೋಡಿ. ವಿಡಿಯೊ ತೆಗೆಯುವ ಮುಂಚೆ ಒಪ್ಪಿಗೆ ಕೇಳಿ. ಫೋನ್ ಕೆಳಗಿಟ್ಟು ಬರೆದುಕೊಂಡರೆ ಇನ್ನೂ ಒಳ್ಳೆಯದು. "ಯಾವ ಬ್ರಾಂಡ್ ಬಣ್ಣ?" ಎಂದು ಎಲ್ಲರೂ ಕೇಳುತ್ತಾರೆ. ನೀವು "ತಟ್ಟೆಯ ಶಾಖ ಎಷ್ಟು? ಈ ಪದರಕ್ಕೆ ಎಷ್ಟು ಹೊತ್ತು ಬಿಟ್ಟಿರಿ? ಕೆಟ್ಟರೆ ಏನು ಮಾಡುತ್ತೀರಿ?" ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಸಾಮಾನ್ಯವಾಗಿ ಹೆಚ್ಚು ಕೆಲಸಕ್ಕೆ ಬರುವುದು.

ನಮ್ಮವರಿಗೆ ಸಂಕೋಚ ಜಾಸ್ತಿ. ಊಟದ ಮೇಜಿನಲ್ಲಿ ಗೊತ್ತಿದ್ದವರ ಪಕ್ಕವೇ ಕೂರುತ್ತೇವೆ. ಇಲ್ಲಿ ಹಾಗೆ ಮಾಡಬೇಡಿ. ಜೇಬಿನಿಂದ ಮಾದರಿ ಹಲಗೆ ತೆಗೆದು ಮೇಜಿನ ಮೇಲಿಟ್ಟರೆ ಮಾತು ತಾನಾಗೇ ಶುರುವಾಗುತ್ತದೆ. ಮೇಣದವರು ಯಾವುದನ್ನೂ ಮುಟ್ಟಿ ನೋಡದೆ ಬಿಡುವುದಿಲ್ಲ.

ವರ್ಕ್‌ಶಾಪ್‌ನಲ್ಲಿ ಫ್ಯೂಸ್ ಹೋಗುವುದು ಮಾಮೂಲು. ಅಲ್ಲಿನ 15 ಆಂಪಿಯರ್ ಲೈನು 1800 ವಾಟ್‌ಗೆ ಮುಗಿಯುತ್ತದೆ. ಗ್ರಿಡಲ್ಲೂ ಹೀಟ್ ಗನ್ನೂ ಒಂದೇ ಲೈನಿನಲ್ಲಿ ಉರಿದರೆ ಬ್ರೇಕರ್ ಬೀಳುತ್ತದೆ. ಪಕ್ಕದವರೊಂದಿಗೆ ಸರದಿ ಮಾಡಿಕೊಳ್ಳಿ. ಅಲ್ಲಿ ಮಾಸ್ಟರ್‌ಪೀಸ್ ಮಾಡಲು ಹೋಗಬೇಡಿ. ಪ್ರತಿ ಹಲಗೆಯ ಹಿಂದೆ ಶಾಖ, ಪದರ, ಬಣ್ಣ ಎಲ್ಲ ಪೆನ್ಸಿಲ್‌ನಲ್ಲಿ ಬರೆದಿಡಿ.

ಸಾಮಾನಿನ ಅಂಗಡಿಗಳನ್ನು ಕೊನೆಯ ದಿನಕ್ಕೆ ಬಿಡಿ. ಅಷ್ಟರಲ್ಲಿ ನಿಜವಾಗಿ ಏನು ಬೇಕೆಂದು ಗೊತ್ತಾಗಿರುತ್ತದೆ. ಬಿಸಿ ಮಾಡುವ ಯಾವುದನ್ನೂ ಕೊಳ್ಳಬೇಡಿ, ವೋಲ್ಟೇಜ್ ನೆನಪಿರಲಿ. ಎನ್‌ಕಾಸ್ಟಿಕ್‌ಗೆಂದೇ ಮಾಡಿದ ಗೆಸ್ಸೊ, ಕೋಜೊ ಕಾಗದ, ನಮ್ಮಲ್ಲಿ ಮಾಡಿಕೊಳ್ಳಲು ಕಷ್ಟವಾದ ಒಂದೆರಡು ಬಣ್ಣದ ಬಿಲ್ಲೆ ತಂದರೆ ಸಾಕು. 1988ರಲ್ಲಿ ಶುರುವಾದ, ಈಗ ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್‌ನಲ್ಲಿರುವ ಆರ್ ಅಂಡ್ ಎಫ್ ಕಂಪನಿಯ ಬಿಲ್ಲೆಗಳು 40 ಮಿಲಿಲೀಟರ್‌ನ ಸಣ್ಣ ಅಳತೆಯಲ್ಲೂ ಸಿಗುತ್ತವೆ. ಬಣ್ಣ ಗಾಢ ಇರುವುದರಿಂದ ಒಂದು ಬಿಲ್ಲೆಗೆ ಮೀಡಿಯಂ ಬೆರೆಸಿ ಬಹಳ ದಿನ ಬಳಸಬಹುದು.

ಚಿತ್ರಗಳನ್ನು ಮನೆ ಸೇರಿಸುವುದು

ಹೊಸ ಮೇಣದ ಮೇಲೆ ಬಬಲ್ ರ‍್ಯಾಪ್ ನೇರವಾಗಿ ಸುತ್ತಿದರೆ ಗುಳ್ಳೆಗಳ ಅಚ್ಚು ಚಿತ್ರದ ತುಂಬ ಮೂಡುತ್ತದೆ. ಮೊದಲು ನುಣುಪಾದ ವ್ಯಾಕ್ಸ್ ಪೇಪರ್, ಅದರ ಮೇಲೆ ಗಟ್ಟಿ ರಟ್ಟು, ಆಮೇಲೆ ಬಬಲ್ ರ‍್ಯಾಪ್. ಎರಡು ಚಿತ್ರ ಮುಖಕ್ಕೆ ಮುಖ ಇಡಬೇಡಿ, ಅಂಟಿಕೊಳ್ಳುತ್ತವೆ. ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಚಳಿಯೂ ಆಗದು, ಹೆಪ್ಪುಗಟ್ಟುವ ತಂಪಿನಲ್ಲಿ ಮೇಣ ಪೆಡಸಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಸಣ್ಣ ಹಲಗೆಗಳು ಕೈಚೀಲದಲ್ಲೇ ಬರಲಿ. ಮಾನೊಟೈಪ್‌ಗಳ ನಡುವೆ ಗ್ಲಾಸೀನ್ ಎಂಬ ನುಣುಪಾದ ತೆಳು ಹಾಳೆ ಇಟ್ಟರೆ ಸಾಕು.

ಮನೆಗೆ ಬಂದು ಬಿಚ್ಚಿದಾಗ ಮೇಲ್ಮೈ ಬೂದಿ ಬಳಿದಂತೆ ಮಂಕಾಗಿದ್ದರೆ ಗಾಬರಿ ಬೇಡ. ಇದಕ್ಕೆ ಬ್ಲೂಮ್ ಎನ್ನುತ್ತಾರೆ. ಮೇಣ ಪೂರ್ತಿ ಗಟ್ಟಿಯಾಗುವ ಮೊದಲ ಕೆಲವು ತಿಂಗಳು ಇದು ಬರುತ್ತಿರುತ್ತದೆ. ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತದೆ ಉಜ್ಜಿದರೆ ಹೊಳಪು ಮರಳುತ್ತದೆ. ಗೋಡೆಗೆ ಹಾಕುವಾಗ ನೇರ ಬಿಸಿಲು ಬೀಳದ ಕಡೆ ನೋಡಿ. ಮಧ್ಯಾಹ್ನದ ಬಿಸಿಲಿಗೆ ಕಾಯುವ ಪಶ್ಚಿಮದ ಗೋಡೆ ಬೇಡ.

ಬಂದ ವಾರದೊಳಗೆ, ಜೆಟ್‌ಲ್ಯಾಗ್ ಇಳಿದ ಕೂಡಲೇ, ಅಲ್ಲಿ ಮಾಡಿದ ಒಂದು ಹಲಗೆಯನ್ನು ಇಲ್ಲಿನ ಮೇಣ, ಇಲ್ಲಿನ ಗ್ರಿಡಲ್ ಬಳಸಿ ಹಾಗೇ ಮಾಡಿ ನೋಡಿ. ಹಲಗೆಯ ಹಿಂದೆ ಬರೆದ ಪೆನ್ಸಿಲ್ ಟಿಪ್ಪಣಿ ಆಗ ಬೇಕಾಗುತ್ತದೆ. ಮೇಣ ಬೇರೆ, ಹವೆ ಬೇರೆ, ತಟ್ಟೆ ಬೇರೆ. ಹಾಗಾಗಿ ಅದೇ ಶಾಖಕ್ಕೆ ಅದೇ ಫಲ ಬರದೆ ಇರಬಹುದು. ಎಲ್ಲಿ ಬದಲಾಯಿತು ಎಂದು ಟಿಪ್ಪಣಿಯ ಪಕ್ಕದಲ್ಲೇ ಬರೆದು, ವರ್ಕ್‌ಶಾಪ್ ಕಲಿಸಿದವರಿಗೆ ಫೋಟೊ ಜೊತೆ ಇಮೇಲ್ ಮಾಡಿ. ಕೋರ್ಸ್ ಮುಗಿದ ಮೇಲೂ ಇಂಥ ಪ್ರಶ್ನೆಗೆ ಖುಷಿಯಿಂದ ಉತ್ತರ ಬರೆಯುವವರೇ ಜಾಸ್ತಿ.